ರಕ್ತರೋಗವಿದ್ಯೆಯ ಗುರುಪರಂಪರೆ

ಧಾರವಾಡ ಸೀಮೆಯ ಎರೆಯ ಹೊಲಗಳಲ್ಲಿ ಬೆಳೆದ ಅರಳೆಯು ಯಾವ ಹಾದಿಯಿಂದ ಮುಂಬಯಿಯ ಗಿರಣಿಗಳನ್ನು ಮುಟ್ಟಿತೋ ಅದೇ ಹಾದಿಯು ಆ ಸೀಮೆಯ ರೋಗಿಗಳಿಗೂ ದೊಡ್ಡ ದವಾಖಾನೆಗಳ ಹಾದಿಯಾಯಿತು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಉಗಿಬಂಡಿಯು ಗದಗಿಗೆ ಬಂದ ತರುವಾಯ, ಊರಿನ ವೈದ್ಯನು ಕೈಬಿಟ್ಟ ಕಾಯಿಲೆಗೆ ಕುರ್ತಕೋಟಿಯಂತಹ ಹಳ್ಳಿಯ ಒಕ್ಕಲು ಮನೆತನಕ್ಕೆ ಮಿರಜ, ಪುಣೆ, ಮುಂಬಯಿ ಎಂಬ ಊರುಗಳು ಒಂದರ ಮುಂದೊಂದು ಮೆಟ್ಟಿಲುಗಳಾದವು. ೧೯೫೬ನೆಯ ಇಸವಿಯ ವರೆಗೆ ಗದಗ ತಾಲೂಕು ಮುಂಬಯಿ ಆಡಳಿತಕ್ಕೇ ಸೇರಿದ್ದುದರಿಂದ ಇದು ಸಹಜವೂ ಆಗಿತ್ತು. ಆದರೆ ರೋಗಿಯು ಹೋದ ಹಾದಿಗಿಂತ ವಿದ್ಯೆಯು ಬಂದ ಹಾದಿಯು ಹೆಚ್ಚು ಸುತ್ತಿನದು. ರಕ್ತದ ರೋಗಗಳನ್ನೂ ಅರ್ಬುದವನ್ನೂ ಬಲ್ಲ ವೈದ್ಯರು ಹೇಗೆ ತಯಾರಾಗುತ್ತಾರೆ, ಅವರಿಗೆ ಕಲಿಸಿದವರು ಯಾರು, ಆ ವಿದ್ಯೆಯು ಕಡಲು ದಾಟಿ ಈ ನಾಡಿಗೆ ಬಂದುದೆಂತು ಎಂಬುದನ್ನು ವಿಚಾರಿಸಿದಲ್ಲಿ ಒಂದು ಮಾತು ಸ್ಪಷ್ಟವಾಗುತ್ತದೆ. ಔಷಧವನ್ನು ಕೊಂಡು ತರಬಹುದು; ಯಂತ್ರವನ್ನು ಹಡಗಿನಲ್ಲಿ ತರಿಸಬಹುದು; ಆದರೆ ಅವನ್ನು ಬಳಸುವ ವಿವೇಕವು ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೇ ಬರಬೇಕು.

ಪಾಂಡು, ರಕ್ತಪಿತ್ತ, ಅರ್ಬುದ ಎಂಬ ಹೆಸರುಗಳು ಚರಕ ಸುಶ್ರುತರ ಕಾಲದಿಂದಲೂ ಈ ದೇಶದ ವೈದ್ಯರಿಗೆ ಪರಿಚಿತವಾದವು. ಆದರೆ ರಕ್ತವೇ ಅರ್ಬುದಕ್ಕೆ ಈಡಾಗಬಲ್ಲುದೆಂಬ ತಿಳಿವಳಿಕೆಯು ಈಚಿನದು. ೧೮೪೫ರಲ್ಲಿ ಎಡಿನ್‌ಬರೋ ನಗರದಲ್ಲಿ ಜಾನ್ ಹ್ಯೂಸ್ ಬೆನೆಟ್ ಎಂಬ ವೈದ್ಯನೂ ಬರ್ಲಿನ್ ನಗರದಲ್ಲಿ ರೂಡಾಲ್ಫ್ ವಿರ್ಕೋ ಎಂಬ ತರುಣ ವೈದ್ಯನೂ ಹೆಚ್ಚುಕಡಿಮೆ ಏಕಕಾಲದಲ್ಲಿ ಒಂದೇ ವಿಧದ ರೋಗವನ್ನು ಕಂಡರು. ಸತ್ತವರ ರಕ್ತದಲ್ಲಿ ಬಿಳಿಯ ಕಣಗಳು ಮಿತಿಮೀರಿ ತುಂಬಿದ್ದವು. ಬೆನೆಟ್ಟನು ಅದನ್ನು ರಕ್ತದಲ್ಲಿ ಆದ ಕೀವೆಂದು ಬಗೆದನು. ವಿರ್ಕೋನು ಅದು ಕೀವಲ್ಲ, ರಕ್ತದ ಬಿಳಿಯ ಕಣಗಳೇ ವಿಪರೀತವಾಗಿ ಬೆಳೆದಿವೆಯೆಂದು ಹೇಳಿ, ೧೮೪೭ರಲ್ಲಿ ಅದಕ್ಕೆ ಲ್ಯುಕೇಮಿಯಾ, ಅಂದರೆ ಬಿಳಿಯ ರಕ್ತವೆಂಬ ಹೆಸರನ್ನಿಟ್ಟನು. ಇಬ್ಬರ ಕಣ್ಣಿಗೂ ಬಿದ್ದ ವಸ್ತು ಒಂದೇ, ಅರ್ಥವು ಬೇರೆ. ಮುಂದೆ ಮೂವತ್ತು ವರ್ಷಗಳಾದ ಮೇಲೆ ಪಾಲ್ ಏರ್ಲಿಕ್ ಎಂಬ ಪಂಡಿತನು ಬಣ್ಣಗಳಿಂದ ರಕ್ತಕಣಗಳನ್ನು ಬೇರೆಬೇರೆಯಾಗಿ ತೋರಿಸುವ ವಿಧಾನವನ್ನು ಕಂಡುಹಿಡಿದನು. ಆಗ ಗಾಜಿನ ಚೂರಿನ ಮೇಲೆ ಸವರಿದ ಒಂದು ಹನಿ ರಕ್ತವೇ ಓದಬಹುದಾದ ಪುಟವಾಯಿತು. ಆದರೆ ಅಕ್ಷರವು ಕಂಡ ಮಾತ್ರಕ್ಕೆ ಓದು ಬರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಕಣವು ಎಳೆಯದೋ ಬಲಿತದ್ದೋ, ಸಹಜವೋ ವಿಕೃತವೋ ಎಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸಿ ತಿದ್ದುವವರು ಬೇಕು. ಈ ವಿದ್ಯೆಗೆ ಗ್ರಂಥದೊಡನೆ ಗುರುವೂ ಅವಶ್ಯವಾದುದು ಇದರಿಂದಲೇ.

ಇಂತಹ ಕಲಿಕೆಗೆ ಒಂದು ಕ್ರಮವು ಏರ್ಪಟ್ಟುದು ಅಮೇರಿಕೆಯ ಬಾಲ್ಟಿಮೋರ್ ನಗರದಲ್ಲಿ. ೧೮೮೯ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ದವಾಖಾನೆಯಲ್ಲಿ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಎಂಬ ಆಚಾರ್ಯರು, ಪದವಿ ಪಡೆದ ತರುಣ ವೈದ್ಯರನ್ನು ದವಾಖಾನೆಯಲ್ಲಿಯೇ ವಾಸಮಾಡಿಸಿ, ವರ್ಷಾನುಗಟ್ಟಲೆ ರೋಗಿಯ ಹಾಸಿಗೆಯ ಬಳಿಯಲ್ಲಿ ಪಾಠ ಹೇಳಿದರು. ಗದಗ ಸೀಮೆಯ ವಾಚಕರಿಗೆ ಇದು ಹೊಸದೆನಿಸಲಾರದು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧಬಾಲಕರಿಗೆ ಸಂಗೀತವನ್ನು ಕಲಿಸಿದ ಬಗೆಯು ಇದೇ ಅಲ್ಲವೆ? ಸ್ವರವು ಎಲ್ಲಿ ತಪ್ಪಿತೆಂಬುದನ್ನು ಪುಸ್ತಕವು ಹೇಳಲಾರದು. ಎದುರಿಗೆ ಕುಳಿತ ಗುರುವು ಹೇಳಬಲ್ಲನು. ಸಾಮಾನ್ಯ ವೈದ್ಯಶಿಕ್ಷಣವು ಮುಗಿದ ಮೇಲೆ, ಒಂದು ಶಾಖೆಯಲ್ಲಿ ಪರಿಣತಿ ಪಡೆಯುವುದಕ್ಕಾಗಿ ಹಿರಿಯರ ಕೈಕೆಳಗೆ ವೇತನಸಹಿತ ಕಳೆಯುವ ಈ ವಾಸಕ್ಕೆ ಮುಂದೆ ಫೆಲೋಶಿಪ್ ಎಂಬ ಹೆಸರು ಬಂದಿತು.

ರಕ್ತರೋಗವಿದ್ಯೆಗೆ ಇಂತಹ ವೇತನವನ್ನು ಒದಗಿಸಿದವರಲ್ಲಿ ಹಿಂದೂ ದೇಶದ ಒಂದು ಮನೆತನವು ಮೊದಲಿಗೇ ನಿಲ್ಲುತ್ತದೆ. ಅದಕ್ಕೆ ಕನ್ನಡ ನಾಡಿನ ನಂಟೂ ಉಂಟು. ಮೈಸೂರು ಸಂಸ್ಥಾನದಲ್ಲಿ ವಿದ್ಯಾಖಾತೆಯ ಮುಖ್ಯಾಧಿಕಾರಿಗಳಾಗಿದ್ದ ಹಾರ್ಮಸ್‌ಜಿ ಭಾಭಾ ಅವರ ಮಗಳು ಮೆಹರಬಾಯಿಯವರು ಮೈಸೂರು ಸೀಮೆಯಲ್ಲಿ ಬೆಳೆದು, ಸರ್ ದೊರಾಬ್‌ಜಿ ತಾತಾ ಅವರನ್ನು ಕೈಹಿಡಿದರು. ೧೯೩೧ರಲ್ಲಿ ಅವರು ವೇಲ್ಸ್ ಪ್ರಾಂತದ ಒಂದು ಶುಶ್ರೂಷಾಲಯದಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಐಶ್ವರ್ಯವು ತರಬಹುದಾದ ಎಲ್ಲ ಉಪಚಾರವೂ ಅವರಿಗಿತ್ತು. ಆದರೆ ಆ ರೋಗಕ್ಕೆ ಔಷಧವೇ ಜಗತ್ತಿನಲ್ಲಿ ಇರಲಿಲ್ಲ. ಮರುವರ್ಷ, ೧೯೩೨ರಲ್ಲಿ, ದೊರಾಬ್‌ಜಿಯವರು ಪತ್ನಿಯ ಹೆಸರಿನಲ್ಲಿ ಲೇಡಿ ತಾತಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದರು; ಅದೇ ವರ್ಷ ಅವರೂ ದೇಹಬಿಟ್ಟರು. ಆ ನಿಧಿಯ ಉತ್ಪನ್ನದ ಬಹುಭಾಗವು ಯಾವ ದೇಶದವರೆಂಬ ಭೇದವಿಲ್ಲದೆ ಲ್ಯುಕೇಮಿಯಾದ ಶೋಧಕ್ಕೆ ಮೀಸಲಾಯಿತು. ಸತ್ತವರ ಹೆಸರಿನಲ್ಲಿ ಧರ್ಮಶಾಲೆ, ಬಾವಿ, ಕಟ್ಟಡಗಳನ್ನು ಕಟ್ಟಿಸುವುದು ಈ ದೇಶದ ಹಳೆಯ ರೂಢಿ. ಇಲ್ಲಿ ಹಣವು ಕಲ್ಲಿಗಲ್ಲದೆ ಕಲಿಯುವ ಮನುಷ್ಯನಿಗೆ ಸಂದಿತು. ಕಟ್ಟಡವೂ ಹಿಂದುಳಿಯಲಿಲ್ಲ, ೧೯೪೧ರ ಫೆಬ್ರುವರಿ ೨೮ರಂದು ಮುಂಬಯಿಯ ಪರಳದಲ್ಲಿ ತಾತಾ ಸ್ಮಾರಕ ದವಾಖಾನೆಯು ತೆರೆಯಿತು.

ಪರಳದ ಹೆಸರು ಈ ವಿದ್ಯೆಯ ಚರಿತ್ರೆಯಲ್ಲಿ ಅದಕ್ಕೂ ಮೊದಲೇ ಸೇರಿದ್ದಿತು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಅಲ್ಲಿಯ ಹಾಫ್‌ಕಿನ್ ಸಂಸ್ಥೆಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಘೋರವಾದ ರಕ್ತಹೀನತೆಯನ್ನು ಶೋಧಿಸತೊಡಗಿದಳು. ಅದು ಸೋಂಕಿನಿಂದ ಬಂದುದಲ್ಲ, ಆಹಾರದ ಕೊರತೆಯಿಂದ ಬಂದುದೆಂಬುದು ಆಕೆಗೆ ಮನಗಂಡಿತು. ವಿಲಾಯತಿಯ ಮನೆಗಳಲ್ಲಿ ರೊಟ್ಟಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರವು ಆ ರೋಗವನ್ನು ನೀಗುತ್ತದೆಂದು ೧೯೩೧ರಲ್ಲಿ ಆಕೆಯು ಪ್ರಕಟಿಸಿದಳು. ಆ ಸಾರದಲ್ಲಿ ಅಡಗಿದ್ದ ಸತ್ವವನ್ನು ಮುಂದೆ ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಫೋಲಿಕ್ ಆಮ್ಲವೆಂದು ಕರೆದರು. ಅದನ್ನು ರಸಾಯನಶಾಲೆಯಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲಸಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರು. ಅರ್ಬುದದ ಕಣವು ಬೆಳೆಯುವುದಕ್ಕೂ ಇದೇ ಸತ್ವವು ಬೇಕು. ಹಾಗಾದರೆ ಈ ಸತ್ವದ ವೇಷವನ್ನು ಧರಿಸಿ ಅದನ್ನು ತಡೆಯುವ ಪದಾರ್ಥವನ್ನು ಕೊಟ್ಟರೆ ರೋಗವು ಹಿಮ್ಮೆಟ್ಟದೆ? ಸುಬ್ಬರಾವ್ ಅವರ ತಂಡವು ಒದಗಿಸಿದ ಅಂತಹ ಪದಾರ್ಥವನ್ನು ಬೋಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯನು ಲ್ಯುಕೇಮಿಯಾದ ೧೬ ಮಕ್ಕಳಿಗೆ ಕೊಟ್ಟನು. ೧೦ ಮಕ್ಕಳಲ್ಲಿ ಗುಣವು ಕಾಣಿಸಿತು. ೧೯೪೮ರಲ್ಲಿ ಈ ವರದಿಯು ಹೊರಟಿತು. ಆ ಗುಣವು ಕೆಲವು ತಿಂಗಳುಗಳದು ಮಾತ್ರವೇ ಆಗಿದ್ದರೂ, ಔಷಧದಿಂದ ರಕ್ತದ ಅರ್ಬುದವು ಹಿಮ್ಮೆಟ್ಟಬಲ್ಲುದೆಂದು ಆಗ ತಿಳಿಯಿತು. ಅದೇ ವರ್ಷ ಸುಬ್ಬರಾವ್ ಅವರು ನಿಧನರಾದರು. ಮುಂಬಯಿಯ ಗಿರಣಿಯ ಬಡ ಗರ್ಭಿಣಿಯ ರಕ್ತದಿಂದ ಹೊರಟ ಒಂದು ಎಳೆಯು ಹೀಗೆ ಬೋಸ್ಟನ್ನಿನ ಮಗುವಿನ ಹಾಸಿಗೆಯನ್ನು ಮುಟ್ಟಿತು. ಆ ಗಿರಣಿಗಳಿಗೆ ಹತ್ತಿಯನ್ನು ಕಳಿಸುತ್ತಿದ್ದ ಸೀಮೆಗೆ ಅದರ ಫಲವು ತಿರುಗಿ ಬರಲು ಮಾತ್ರ ಬಹುಕಾಲ ಹಿಡಿಯಿತು.

ಅದಕ್ಕೆ ಕಾರಣವು ಔಷಧದ ಅಭಾವವೊಂದೇ ಅಲ್ಲ. ೧೯೫೦ರ ತರುವಾಯ ಔಷಧಗಳು ಒಂದೊಂದಾಗಿ ಹೆಚ್ಚಿದವು. ಒಂದರಿಂದ ಸೋಲದ ರೋಗಕ್ಕೆ ಮೂರು ನಾಲ್ಕನ್ನು ಕೂಡಿಸಿ ಕೊಡುವ ಪ್ರಯೋಗಗಳು ಅಮೇರಿಕೆಯ ಬೆಥೆಸ್ಡಾದಲ್ಲಿ ನಡೆದವು. ಈ ಔಷಧಗಳೆಲ್ಲ ಒಂದು ಬಗೆಯ ವಿಷಗಳೇ. ರೋಗದ ಕಣಗಳೊಡನೆ ಆರೋಗ್ಯದ ಕಣಗಳನ್ನೂ ಅವು ಸುಡುತ್ತವೆ. ಎಷ್ಟು ಕೊಡಬೇಕು, ಎಂದು ನಿಲ್ಲಿಸಬೇಕು, ನಂಜು ಏರಿದಾಗ ರೋಗಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಬಲ್ಲವರ ಕೈಯಲ್ಲಿ ಅದು ಔಷಧ. ಅರಿಯದವರ ಕೈಯಲ್ಲಿ ಅದು ಮೃತ್ಯು. ಆದುದರಿಂದ ಬೆಥೆಸ್ಡಾದಲ್ಲಿ ತರಬೇತಿ ಪಡೆದ ತರುಣರೇ ಬೇರೆ ಬೇರೆ ನಗರಗಳಿಗೆ ಹೋಗಿ ಆಚಾರ್ಯರಾದರು. ಅಮೇರಿಕೆಯಲ್ಲಿ ರಕ್ತರೋಗ ಶಾಖೆಗೆ ೧೯೭೨ರಲ್ಲಿಯೂ ಅರ್ಬುದದ ಔಷಧಚಿಕಿತ್ಸೆಯ ಶಾಖೆಗೆ ೧೯೭೩ರಲ್ಲಿಯೂ ಪ್ರತ್ಯೇಕ ಪರೀಕ್ಷೆಗಳು ಆರಂಭವಾದವು.

ಹಿಂದೂ ದೇಶದಲ್ಲಿ ಈ ಶಿಕ್ಷಣವು ಬೇರೂರಿದುದು ೧೯೮೦ರ ದಶಕದಲ್ಲಿ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ೧೯೫೪ರಲ್ಲಿ ಮದರಾಸಿನ ಅಡಯಾರಿನಲ್ಲಿ ಸ್ಥಾಪಿತವಾದ ಕ್ಯಾನ್ಸರ್ ಸಂಸ್ಥೆಯಲ್ಲಿ ಡಾ. ಕೃಷ್ಣಮೂರ್ತಿ, ಡಾ. ಶಾಂತಾ ಅವರು ದುಡಿದು, ೧೯೮೪ರಲ್ಲಿ ಅರ್ಬುದಚಿಕಿತ್ಸೆಯ ಅತ್ಯುನ್ನತ ಪದವಿಯ ಶಿಕ್ಷಣವನ್ನು ದೇಶದಲ್ಲಿ ಮೊದಲಿಗೆ ತೊಡಗಿಸಿದರು. ಮುಂಬಯಿಯ ತಾತಾ ದವಾಖಾನೆಯ ಡಾ. ಸುರೇಶ ಅಡ್ವಾಣಿಯವರು ಬಾಲ್ಯದಲ್ಲಿ ಪೋಲಿಯೋ ತಗಲಿ ಗಾಲಿಕುರ್ಚಿಯನ್ನು ಅವಲಂಬಿಸಿದವರು. ಅವರು ಅಮೇರಿಕೆಯ ಸಿಯಾಟಲ್ ನಗರಕ್ಕೆ ಹೋಗಿ, ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಡೊನಾಲ್ ಥಾಮಸ್ ಅವರ ಕೇಂದ್ರದಲ್ಲಿ ಎಲುಬಿನ ಮಜ್ಜೆಯನ್ನು ಒಬ್ಬರಿಂದ ಒಬ್ಬರಿಗೆ ಕಸಿಮಾಡುವ ವಿದ್ಯೆಯನ್ನು ಕಲಿತು ಬಂದರು. ೧೯೮೩ರಲ್ಲಿ ಸೋದರನ ಮಜ್ಜೆಯನ್ನು ಒಬ್ಬ ಬಾಲಕಿಗೆ ಕೂಡಿಸಿ, ದೇಶದ ಮೊದಲನೆಯ ಕಸಿಯನ್ನು ನೆರವೇರಿಸಿದರು. ೧೯೮೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಮಾಮ್ಮನ್ ಚಾಂಡಿಯವರು ಇದೇ ಕಾರ್ಯವನ್ನು ಕೈಕೊಂಡರು. ಅಲ್ಲಿಯೇ ರಕ್ತರೋಗಗಳಿಗೆಂದು ಪ್ರತ್ಯೇಕವಾದ ಡಿ.ಎಂ. ಶಿಕ್ಷಣವೂ ಮುಂದೆ ಬೆಳೆಯಿತು.

ತನ್ನ ನೆಲದಲ್ಲಿಯೇ ಗುರುಗಳು ಸಿದ್ಧರಾದರೆ ಏನು ಲಾಭವೆಂಬುದಕ್ಕೆ ವೆಲ್ಲೂರಿನ ಒಂದು ನಿದರ್ಶನವೇ ಸಾಕು. ಲ್ಯುಕೇಮಿಯಾದಲ್ಲಿ ಪ್ರೋಮೈಲೋಸೈಟಿಕ್ ಎಂಬ ಒಂದು ಭೇದವುಂಟು. ಅದು ರೋಗಿಯನ್ನು ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲುದು. ಪಶ್ಚಿಮದ ದೇಶಗಳಲ್ಲಿ ಅದಕ್ಕೆ ಕೊಡುತ್ತಿದ್ದ ಚಿಕಿತ್ಸೆಯು ಇಲ್ಲಿಯ ಬಡವರ ಕೈಗೆ ನಿಲುಕುವಂತಿರಲಿಲ್ಲ. ಜನರು ಪಾಷಾಣವೆಂದು ಅಂಜುವ ಪದಾರ್ಥದ ಶುದ್ಧರೂಪವಾದ ಆರ್ಸೆನಿಕ್ ಟ್ರಯಾಕ್ಸೈಡ್ ಈ ರೋಗಕ್ಕೆ ಹಿತವಾದುದೆಂದು ಚೀನದ ವೈದ್ಯರು ತೋರಿಸಿದ್ದರು. ವೆಲ್ಲೂರಿನ ವೈದ್ಯರು ೧೯೯೮ರಿಂದ ಅದೊಂದನ್ನೇ ಮೊದಲ ಚಿಕಿತ್ಸೆಯಾಗಿ ಕೊಟ್ಟು ನೋಡಿದರು. ೨೦೦೬ರಲ್ಲಿ ಪ್ರಕಟವಾದ ಅವರ ವರದಿಯ ಮೇರೆಗೆ ೭೨ ರೋಗಿಗಳಲ್ಲಿ ನೂರಕ್ಕೆ ೮೬ರಷ್ಟು ಜನರ ರಕ್ತವು ರೋಗದ ಗುರುತಿಲ್ಲದಂತೆ ಆಯಿತು. ಹೊರಗಿನಿಂದ ಬಂದ ಪಾಠವನ್ನು ಒಪ್ಪಿಸುವ ಶಿಷ್ಯರಷ್ಟೇ ಆಗಿ ಉಳಿದಿದ್ದರೆ ಅವರಿಂದ ಈ ಪ್ರಶ್ನೆಯು ಹುಟ್ಟುತ್ತಿರಲಿಲ್ಲ. ರೋಗಿಯ ಚೀಲದಲ್ಲಿ ಎಷ್ಟು ಹಣವಿದೆಯೆಂಬುದನ್ನು ದಿನವೂ ಕಾಣುವವರೇ ಅದನ್ನು ಕೇಳಬಲ್ಲರು.

ಕನ್ನಡ ನಾಡಿನಲ್ಲಿ ಈ ಬೆಳವಣಿಗೆಯು ಏಕೀಕರಣದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ೧೯೫೬ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷವೇ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿತು. ರೋಗಿಯ ಹಾದಿಯು ಮೆಲ್ಲನೆ ಮುಂಬಯಿಯಿಂದ ಬೆಂಗಳೂರಿನ ಕಡೆಗೂ ತಿರುಗಿತು. ಬೆಂಗಳೂರಿನಲ್ಲಿ ರಫಿ ಅಹಮದ್ ಕಿದ್ವಾಯಿಯವರ ಸ್ಮರಣೆಗಾಗಿ ೧೯೭೩ರಲ್ಲಿ ಸ್ಥಾಪಿತವಾದ ಅರ್ಬುದ ಸಂಸ್ಥೆಯು ೧೯೮೦ರಲ್ಲಿ ಸ್ವಾಯತ್ತವಾಯಿತು. ಅದರ ಆರಂಭದ ನಿರ್ದೇಶಕರಾದ ಡಾ. ಎಂ. ಕೃಷ್ಣ ಭಾರ್ಗವ ಅವರ ಕಾಲದಲ್ಲಿಯೇ, ೧೯೮೨ರಲ್ಲಿ, ನಗರದಲ್ಲಿ ಯಾರಿಗೆ ಯಾವ ಅರ್ಬುದವು ಬರುತ್ತದೆಂಬ ಲೆಕ್ಕವನ್ನಿಡುವ ನೋಂದಣಿಯೂ ತೊಡಗಿತು. ಅಲ್ಲಿ ತರುಣ ವೈದ್ಯರಿಗೆ ಡಿ.ಎಂ. ಶಿಕ್ಷಣವು ದೊರೆಯುತ್ತದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಅರ್ಬುದಕ್ಕೆಂದೇ ಒಂದು ಸಂಸ್ಥೆಯು ನೆಲೆಗೊಂಡಿತು. ೧೯೯೭ರಲ್ಲಿ ಗದಗವು ಪ್ರತ್ಯೇಕ ಜಿಲ್ಲೆಯಾಗಿ, ೨೦೧೫ರಲ್ಲಿ ತನ್ನದೇ ಸರಕಾರಿ ವೈದ್ಯಕೀಯ ಕಾಲೇಜನ್ನು ಪಡೆಯಿತು. ಒಂದು ಶತಮಾನದ ಹಿಂದೆ ಮಿರಜವೇ ಮೊದಲ ಮೆಟ್ಟಿಲಾಗಿದ್ದ ಕುರ್ತಕೋಟಿಗೆ, ವೈದ್ಯರನ್ನು ತಯಾರಿಸುವ ಶಾಲೆಯು ತನ್ನ ತಾಲೂಕಿನಲ್ಲಿಯೇ ಬಂದಿದೆ.

ಆದರೂ ರಕ್ತರೋಗತಜ್ಞರ ತಯಾರಿಯು ದೀರ್ಘವಾದುದು. ಎಂ.ಬಿ.ಬಿ.ಎಸ್. ಪದವಿಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಡಿ.ಎಂ.ಗೆ ಮತ್ತೆ ಮೂರು. ಹೀಗೆ ಹನ್ನೊಂದೂವರೆ ವರ್ಷಗಳು ಕಳೆದ ಮೇಲೆ ಮಜ್ಜೆಯ ಕಸಿ, ಮಕ್ಕಳ ಅರ್ಬುದ ಮೊದಲಾದ ಇನ್ನೂ ಸೂಕ್ಷ್ಮವಾದ ಭಾಗಗಳಿಗೆ ವರ್ಷ ಎರಡು ವರ್ಷಗಳ ಫೆಲೋಶಿಪ್ ಉಂಟು. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಫೆಲೋಶಿಪ್ ಶಿಕ್ಷಣಗಳನ್ನು ನಡೆಸುತ್ತದೆ. ಸೊಂಟದೆಲುಬಿನ ಹಿಂಬದಿಯಲ್ಲಿ ಸೂಜಿಯನ್ನಿಳಿಸಿ ಮಜ್ಜೆಯನ್ನು ತೆಗೆಯುವುದು, ಅದನ್ನು ಗಾಜಿನ ಮೇಲೆ ಸವರಿ ಓದುವುದು, ಔಷಧದ ಸುತ್ತುಗಳನ್ನು ದಿನವೆಣಿಸಿ ನಡೆಸುವುದು, ರಕ್ತವನ್ನು ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಣಯಿಸುವುದು, ಇವೆಲ್ಲವೂ ಅಲ್ಲಿಯ ನಿತ್ಯದ ಪಾಠಗಳು. ಇವುಗಳಿಗಿಂತ ಕಠಿಣವಾದ ಪಾಠವೊಂದುಂಟು. ಹೊಲವನ್ನು ಮಾರಿ ಬಂದ ತಂದೆಗೆ, ಮಗುವಿಗೆ ಗುಣವಾಗುವ ಆಸೆ ಎಷ್ಟು, ವೆಚ್ಚವೆಷ್ಟು, ಎಲ್ಲಿಗೆ ನಿಲ್ಲಿಸುವುದು ಲೇಸು ಎಂಬುದನ್ನು ಸುಳ್ಳಿಲ್ಲದೆ, ಆದರೆ ಎದೆಯೊಡೆಯದಂತೆ ಹೇಳುವುದು. ಹಿರಿಯರು ಹೇಳುವಾಗ ಬದಿಯಲ್ಲಿ ನಿಂತು ಕೇಳದವನಿಗೆ ಇದು ಬರುವುದಿಲ್ಲ.

ವೈದ್ಯನೊಬ್ಬನನ್ನೇ ಅಲ್ಲದೆ ಅವನ ಸುತ್ತಲಿನವರನ್ನೂ ತಯಾರಿಸಬೇಕೆಂಬ ತತ್ವವು ಹೀಮೋಫಿಲಿಯಾದ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಗಾಯದಿಂದ ಹರಿದ ರಕ್ತವು ಹೆಪ್ಪುಗಟ್ಟದ ಈ ಆನುವಂಶಿಕ ವ್ಯಾಧಿಗೆ ಸಂಬಂಧಿಸಿದಂತೆ ೧೯೬೩ರಲ್ಲಿ ಹುಟ್ಟಿದ ಜಾಗತಿಕ ಒಕ್ಕೂಟವು, ಬಡ ದೇಶಗಳ ವೈದ್ಯರನ್ನೂ ಪ್ರಯೋಗಶಾಲೆಯ ಕೆಲಸಗಾರರನ್ನೂ ಅಂಗಸಾಧನೆ ಮಾಡಿಸುವವರನ್ನೂ ಕೆಲವು ವಾರಗಳ ಫೆಲೋಶಿಪ್‌ನಿಂದ ನುರಿತ ಕೇಂದ್ರಗಳಿಗೆ ಕಳಿಸುವ ಏರ್ಪಾಡು ಮಾಡಿತು. ಅಂತಹ ಕೇಂದ್ರಗಳಲ್ಲಿ ವೆಲ್ಲೂರು ಒಂದು. ಕನ್ನಡ ನಾಡಿನಲ್ಲಿ ಈ ರೋಗಿಗಳ ಸಂಘವು ರಾಜಧಾನಿಯಲ್ಲಲ್ಲದೆ ದಾವಣಗೆರೆಯಲ್ಲಿ ಬೇರೂರಿದುದು ವಿಚಾರಾರ್ಹವಾಗಿದೆ. ದೊಡ್ಡ ವಿದ್ಯೆಯು ದೊಡ್ಡ ಊರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ.

ಆದರೆ ವಿದ್ಯೆಯ ಸರಪಳಿಯು ಇನ್ನೂ ಹಳ್ಳಿಯವರೆಗೆ ಪೂರ್ಣವಾಗಿ ಮುಟ್ಟಿಲ್ಲ. ಅರ್ಬುದದ ಔಷಧವನ್ನು ಪಡೆದ ರೋಗಿಯು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಎಲ್ಲ ದಿನಗಳನ್ನೂ ಕಳೆಯಲಾರನು. ಸುತ್ತು ಸುತ್ತಿನ ನಡುವೆ ಊರಿಗೆ ಮರಳುತ್ತಾನೆ. ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ೪,೦೦೦ದಿಂದ ೧೧,೦೦೦ದ ವರೆಗೆ ಬಿಳಿಯ ಕಣಗಳಿರುತ್ತವೆ. ಔಷಧದ ತರುವಾಯ ಅವು ತೀರ ಇಳಿಯುತ್ತವೆ. ಅವುಗಳಲ್ಲಿ ಸೋಂಕನ್ನು ಎದುರಿಸುವ ಮುಖ್ಯ ಕಣಗಳು ೫೦೦ಕ್ಕಿಂತ ಕಡಿಮೆಯಾದಾಗ ಬರುವ ಜ್ವರವು ಸಾಧಾರಣ ಜ್ವರವಲ್ಲ. ಒಂದು ತಾಸಿನೊಳಗೆ ಯೋಗ್ಯವಾದ ಔಷಧವು ನರದೊಳಕ್ಕೆ ಹೋಗಬೇಕು. ಇಲ್ಲವಾದರೆ ಮರುದಿನ ಬೆಳಗಿನೊಳಗೆ ಪ್ರಾಣವು ಹೋಗಬಹುದು. ಆ ತಾಸಿನಲ್ಲಿ ರೋಗಿಯ ಮುಂದೆ ಇರುವವರು ಹನ್ನೊಂದೂವರೆ ವರ್ಷ ಓದಿದ ತಜ್ಞರಲ್ಲ, ತಾಲೂಕಿನ ದವಾಖಾನೆಯ ತರುಣ ಡಾಕ್ಟರರು. ಅವರು ಜ್ವರದ ಗುಳಿಗೆಯನ್ನು ಕೊಟ್ಟು ನಾಳೆ ಬರಹೇಳಿದರೆ, ತಜ್ಞರ ತಿಂಗಳುಗಳ ಶ್ರಮವು ನೀರುಪಾಲಾಗುತ್ತದೆ.

ಈ ಕೊರತೆಗೆ ಯಾವ ಒಬ್ಬರನ್ನೂ ದೂರುವುದು ಸಲ್ಲದು. ೨೦೧೭ರಿಂದ ಡಿ.ಎಂ. ಶಿಕ್ಷಣಕ್ಕೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆಯಾಗಿದೆ. ಇದರಿಂದ ಯೋಗ್ಯತೆಗೆ ಮನ್ನಣೆಯು ಬಂದಿರುವುದು ನಿಜ. ಆದರೆ ಯಾವ ಊರಿನಲ್ಲಿ ಕಲಿತವರು ಆ ಊರಿನ ಸೀಮೆಯಲ್ಲಿಯೇ ನಿಲ್ಲುವರೆಂಬ ಭರವಸೆಯಿಲ್ಲ. ನಿಲ್ಲಬೇಕೆಂದು ಮನಸ್ಸುಮಾಡಿದ ತಜ್ಞರಿಗೂ ರಕ್ತನಿಧಿ, ಪ್ರಯೋಗಶಾಲೆ, ನುರಿತ ದಾದಿಯರು ಇಲ್ಲದಿದ್ದರೆ ಕೈಕಟ್ಟಿದಂತಾಗುತ್ತದೆ. ಒಬ್ಬಂಟಿಯಾದ ಗವಾಯಿಗೆ ತಬಲೆಯೂ ಶ್ರುತಿಯೂ ಇಲ್ಲದಂತೆ. ಆದುದರಿಂದ ಇತಿಹಾಸವು ತೋರಿಸುವ ಉಪಾಯವು ಎರಡು ಮುಖವಾದುದು. ಮೇಲಿನಿಂದ, ಸೀಮೆಯ ತರುಣ ತರುಣಿಯರು ವೆಲ್ಲೂರು, ಮುಂಬಯಿ, ಬೆಂಗಳೂರುಗಳಲ್ಲಿ ಕಲಿತು ಮರಳುವಂತೆ ವೇತನವೂ ಸ್ಥಾನವೂ ಏರ್ಪಡಬೇಕು. ದೊರಾಬ್‌ಜಿಯವರ ನಿಧಿಯು ಜಗತ್ತಿಗೆ ಮಾಡಿದುದನ್ನು ಜಿಲ್ಲೆಯ ದಾನಿಗಳು ತಮ್ಮ ಸೀಮೆಗೆ ಚಿಕ್ಕ ಪ್ರಮಾಣದಲ್ಲಿ ಮಾಡುವುದು ಅಸಾಧ್ಯವಲ್ಲ. ಕೆಳಗಿನಿಂದ, ತಾಲೂಕಿನ ಡಾಕ್ಟರರೂ ದಾದಿಯರೂ ಕೆಲವು ವಾರಗಳಾದರೂ ಅಂತಹ ವಿಭಾಗಗಳಲ್ಲಿ ಇದ್ದು, ಅಪಾಯದ ಜ್ವರ ಯಾವುದು, ಒಸಡಿನ ರಕ್ತವೂ ಮೈಮೇಲಿನ ಕೆಂಪು ಚುಕ್ಕೆಗಳೂ ಏನನ್ನು ಸೂಚಿಸುತ್ತವೆ, ಬಿಳಚಿಕೊಂಡ ಮಗುವಿನ ರಕ್ತವನ್ನು ಯಾವಾಗ ಪರೀಕ್ಷೆಗೆ ಕಳಿಸಬೇಕು ಎಂಬಿಷ್ಟನ್ನು ಕಣ್ಣಾರೆ ಕಲಿಯಬೇಕು.

ಲೂಸಿ ವಿಲ್ಸಳು ಗಿರಣಿಯ ಹೆಂಗಸರ ಬಳಿಗೆ ಹೋದಳು. ಅಡ್ವಾಣಿಯವರು ಸಿಯಾಟಲ್ಲಿಗೆ ಹೋಗಿ ಮರಳಿದರು. ವೆಲ್ಲೂರಿನವರು ಬಡವರ ಪಾಷಾಣವನ್ನು ಅಮೃತವಾಗಿಸಿದರು. ಇವರೆಲ್ಲರ ಸಾಹಸದಲ್ಲಿ ಸಮಾನವಾದ ಅಂಶವು ಇಷ್ಟೇ: ಕಲಿತದ್ದನ್ನು ಅವರು ರೋಗಿಯು ಇದ್ದಲ್ಲಿಗೆ ತಂದರು. ಗದಗಿನಲ್ಲಿ ಕಾಲೇಜು ಬಂದಿರುವುದು ಸಂತೋಷದ ಸಂಗತಿ. ಕುರ್ತಕೋಟಿಯ ಮಗುವೊಂದಕ್ಕೆ ನಟ್ಟಿರುಳಿನಲ್ಲಿ ಜ್ವರ ಏರಿದಾಗ, ಹತ್ತಿರದ ದವಾಖಾನೆಯಲ್ಲಿ ಬಾಗಿಲು ತೆರೆದವರಿಗೆ ಆ ಜ್ವರದ ಅರ್ಥವು ತಿಳಿದಿತ್ತೆಂದು ಹೇಳುವ ದಿನವು ಬಂದಾಗ, ಆ ಸಂತೋಷವು ಸಾರ್ಥಕವಾದೀತು.